ಚೀಟಿ ಎತ್ತುವ ಮುನ್ನ

ಕೈಗಳು ಒಂದರ ಹಿಂದೊಂದು ಮೇಲೆದ್ದವು. ನಾನು ಎಣಿಸಲಿಲ್ಲ, ಏಳದೆ ಉಳಿದ ಕೈ ಒಂದೂ ಇರಲಿಲ್ಲ. ಆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯಾಗಿ ಎಷ್ಟೋ ಸಭೆಗಳಲ್ಲಿ ಕೂತಿದ್ದೇನೆ. ಒಂದು ಬೀದಿದೀಪ ಹಾಕಿಸುವುದಕ್ಕೂ ಅಲ್ಲಿ ಅರ್ಧ ದಿನ ಜಗಳವಾಗುತ್ತಿತ್ತು. ಅಂಥವರು ಅವತ್ತು ಒಂದು ಮನೆಯ ಕುಡಿಯುವ ನೀರು ಕಡಿಯುವುದಕ್ಕೆ ಒಂದೇ ಮನಸ್ಸಿನಿಂದ ಒಪ್ಪಿದರು.

ಊರಿನ ಹೆಸರು ಬರೆಯುವುದಿಲ್ಲ. ನಾನು ಧೈರ್ಯವಂತೆಯಲ್ಲ, ಈಗಲೂ ಅಲ್ಲ. ಹನೂರು ದಾಟಿ ರಾಮಾಪುರದ ರಸ್ತೆಯಲ್ಲಿ ಹೋಗಿ ಒಳಕ್ಕೆ ತಿರುಗಿದರೆ ಸಿಗುವ ಕಾಡಂಚಿನ ಹಳ್ಳಿಗಳಲ್ಲಿ ಅದೊಂದು ಎಂದು ತಿಳಿದರೆ ಸಾಕು. ಊರಿಗೆ ಮೇಲ್ಬೀದಿ, ಕೆಳಬೀದಿ ಎಂದು ಎರಡು ಪಾಲು. ಮೇಲ್ಬೀದಿಯವರು ಜಮೀನಿನವರು, ಪಂಚಾಯಿತಿಯಲ್ಲಿ ಅವರದೇ ಹೆಚ್ಚು ಕೈ. ಕೆರೆ ಏರಿಯ ಪಕ್ಕದ ಆ ಮನೆ ಮಾತ್ರ ಎರಡಕ್ಕೂ ಸೇರಿದ್ದಲ್ಲ. ಅವರ ತಾತ ಬಾವಿ ತೋಡುವ ಕೆಲಸಕ್ಕೆ ಗಡಿಯಾಚೆಯಿಂದ ಬಂದು ಅಲ್ಲೇ ನೆಲೆ ನಿಂತವನು. ಮನೆಯೊಳಗೆ ತಮಿಳು, ಹೊರಗೆ ಕನ್ನಡ. ಇಡೀ ಊರಿಗೆ ಅವರದು ಒಂದೇ ಮನೆಯಾದ್ದರಿಂದ ಸಭೆಯಲ್ಲಿ ಅವರ ಪರವಾಗಿ ಏಳುವ ಕೈ ಯಾವತ್ತೂ ಇರಲಿಲ್ಲ.

ಆದದ್ದು ಇಷ್ಟು. ಆ ಮನೆಯ ಗಂಡಸು ತನ್ನ ಹೊಲದ ಬದುವಿನ ಮೇಲೆ ಟ್ರ್ಯಾಕ್ಟರ್ ಹತ್ತಿಸಬೇಡಿ ಎಂದದ್ದಕ್ಕೆ, ಮೇಲ್ಬೀದಿಯ ಹಿರಿಯ ಸದಸ್ಯರ ಬಾಮೈದ ಅವನ ಕಾಲು ಮುರಿದಿದ್ದ. ಹೆಂಡತಿ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟಳು. ಊರಿನ ಲೆಕ್ಕದಲ್ಲಿ ಕಾಲು ಮುರಿದದ್ದು ಒಂದು ತಪ್ಪು, ಊರವರು ಕೂತು ನ್ಯಾಯ ಹೇಳುವ ಮೊದಲೇ ಠಾಣೆಗೆ ಹೋದದ್ದು ಅದಕ್ಕಿಂತ ದೊಡ್ಡ ತಪ್ಪು. ದೂರು ವಾಪಸ್ ತಗೋ ಎಂದು ಹೇಳಿ ನೋಡಿದರು. ಅವಳು ತಗೊಳ್ಳಲಿಲ್ಲ. ಆಗ ವಿಷಯ ಪಂಚಾಯಿತಿ ಸಭೆಗೆ ಬಂತು.

"ಇದು ಅಜೆಂಡಾದಲ್ಲಿ ಇಲ್ಲ ಸರ್," ಎಂದೆ.

"ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯ ಅಂತ ಕಡೇಲಿ ನೀವೇ ಬರ್ದಿದ್ದೀರಲ್ಲ ಮೇಡಂ. ಅದ್ರೊಳಕ್ಕೆ ಸೇರಿಸ್ಕಳಿ," ಎಂದರು ಹಿರಿಯ ಸದಸ್ಯರು.

ಅಧ್ಯಕ್ಷೆ ಅವರ ತಮ್ಮನ ಹೆಂಡತಿ. ಅಪ್ಪಣೆ ಕೊಡಬೇಕಾದ ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದರು. ಆಕೆಯ ಗಂಡ, ಸದಸ್ಯನಲ್ಲದಿದ್ದರೂ, ಬಾಗಿಲಿಗೆ ಒರಗಿ ನಿಂತು ತಲೆಯಾಡಿಸಿದ. ಅದೇ ಅಪ್ಪಣೆ ಎಂದಾಯಿತು.

"ಕುಡಿಯೋ ನೀರು ಕಡಿಯೋ ಅಧಿಕಾರ ನಮಗೆ ಯಾವ ಕಾನೂನಲ್ಲೂ ಇಲ್ಲ," ಎಂದೆ.

"ಕಾನೂನು ಎಲ್ಲಾಯ್ತದೆ ಮೇಡಂ? ಪಾರ್ಲಿಮೆಂಟ್ನಲ್ಲಿ. ಅಲ್ಲೂ ಕೈ ಎತ್ತೇ ಅಲ್ವಾ ಮಾಡದು? ನಮ್ಗೆ ಇದೇ ಪಾರ್ಲಿಮೆಂಟು. ಎಲ್ರೂ ಒಪ್ಪವ್ರೆ. ನೀವು ಬರ್ಯೋರು, ನಾವು ಯೋಳೋರು. ಬರ್ಕಳಿ."

ಬರೆದುಕೊಂಡೆ. ಕೆಳಗೆ, ಈ ಠರಾವು ಕಾನೂನಿಗೆ ವಿರುದ್ಧವಾದ್ದರಿಂದ ಜಾರಿ ಮಾಡಲು ಬರುವುದಿಲ್ಲ ಎಂಬ ನನ್ನ ಷರಾವನ್ನೂ ಬರೆದು, ಗಟ್ಟಿಯಾಗಿ ಓದಿದೆ. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಸ್ವಲ್ಪ ಧೈರ್ಯ ಬರುತ್ತಿತ್ತೇನೋ. ಎಲ್ಲರೂ ಎದ್ದು, ಟೀ ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ ಹೊರಟುಹೋದರು. ಕೆಳಬೀದಿಯ ಸದಸ್ಯರೊಬ್ಬರು ಕೊನೆಯಲ್ಲಿ ಉಳಿದಿದ್ದರು. ಅವರೂ ಕೈ ಎತ್ತಿದ್ದವರೇ. "ಎತ್ತದೆ ಇದ್ರೆ ನಾಳಿಕ್ಕೆ ನಮ್ದೇ ಬತ್ತದೆ ಮೇಡಂ, ತಪ್ಪು ತಿಳ್ಕಬ್ಯಾಡಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಷರಾ ಬರೆದ ಪ್ರತಿಯನ್ನು ಅವತ್ತೇ ಮೇಲಿನ ಕಚೇರಿಗೆ ಕಳಿಸಿದೆ. ಪರಿಶೀಲಿಸುತ್ತೇವೆ, ಅಲ್ಲಿಯವರೆಗೆ ಜಾರಿ ಮಾಡಬೇಡಿ ಎಂದರು. ಅವರು ಹೇಳಿದ್ದು ಸರಿಯೇ. ಆದರೆ ಅಷ್ಟು ಹೊತ್ತಿಗೆ ಊರಿಗೆ ನೀರು ಬಿಡುವ ನೀರುಗಂಟಿ ಆ ಮನೆಯ ಮುಂದೆ ನೆಲ ಅಗೆದು, ಪೈಪು ಕತ್ತರಿಸಿ, ತುದಿಗೆ ಮುಚ್ಚಳ ಬಿಗಿದು, ಮಣ್ಣು ಮುಚ್ಚಿಯೂ ಆಗಿತ್ತು.

ಅವನನ್ನು ಕರೆಸಿ, ಮುಚ್ಚಳ ತೆಗಿ ಎಂದೆ.

"ನೀವು ಸಾಯಂಕಾಲ ಗಾಡಿ ಅತ್ಕಂಡು ಕೊಳ್ಳೇಗಾಲಕ್ಕೆ ಒಂಟೋಯ್ತೀರಿ ಮೇಡಂ," ಎಂದ. "ನನ್ ಮನೆ ಇಲ್ಲೇ ಅದೆ."

ಅವನು ಹೇಳಿದ್ದು ನಿಜವೇ ಆಗಿತ್ತು.

ಆ ಮನೆಗೆ ಹೋದೆ. ಗಂಡ ಪ್ಲಾಸ್ಟರ್ ಹಾಕಿದ ಕಾಲು ಚಾಚಿಕೊಂಡು ಜಗಲಿಯ ಮೇಲೆ ಮಲಗಿದ್ದ. ಎರಡು ಹಸು, ಒಂದು ಇವತ್ತೋ ನಾಳೆಯೋ ಕರು ಹಾಕುವಂತಿತ್ತು. ಬಿಸಿಲಿಗೆ ಅದರ ಬಾಯಿಯಲ್ಲಿ ನೊರೆ ಬಂದಿತ್ತು. ಕುರುಚಲು ಕಾಡಿನ ಆಚೆ ಯಾರದೋ ತೋಟದ ಬೋರ್‌ವೆಲ್ಲಿನಿಂದ ಅತ್ತೆ ಸೊಸೆ ಇಬ್ಬರೂ ನೀರು ಹೊತ್ತು ತರುತ್ತಿದ್ದರು. ತೋಟದವನೂ ಬೆಳಿಗ್ಗೆ, ಇನ್ನು ಬರಬೇಡಿ, ನನಗೂ ಕಷ್ಟವಾಗುತ್ತದೆ ಎಂದಿದ್ದನಂತೆ.

"ಮತ್ತೆ ಠಾಣೆಗೆ ಹೋಗೋಣ, ನಾನೂ ಬರ್ತೀನಿ," ಎಂದೆ. ಹೇಳಿದ ಮೇಲೆ, ಎಲ್ಲಿ ಒಪ್ಪಿಬಿಡುತ್ತಾಳೋ ಎಂದು ಹೆದರಿದೆ.

"ಒಂದ್ ದಪ ಓಗಿದ್ದಕ್ಕೇ ಇಷ್ಟಾಗದೆ ಮೇಡಂ." ಅವಳು ಅಳುತ್ತಿರಲಿಲ್ಲ. ಹಸುವಿನ ಬಾಯಿ ಒರೆಸುತ್ತಿದ್ದಳು. "ಕಂಪ್ಲೇಂಟ್ ವಾಪಸ್ ತಕಳಲ್ಲ. ಅದ್ನ ಬುಟ್ರೆ ಇನ್ನೊಂದ್ ಕಾಲೂ ಮುರೀತಾರೆ. ಎರಡ್ ವಾರ ನೋಡ್ತೀನಿ. ಆಮೇಕೆ ಅಸ ಮಾರ್ಬುಟ್ಟು ನಮ್ಮಮ್ಮನ ಊರ್ಗೆ ಒಯ್ತೀವಿ."

ಊರಿಗೆ ಬೇಕಾದದ್ದೂ ಅದೇ. ನೀರು ಕಡಿದದ್ದು ದಂಡಕ್ಕಲ್ಲ, ಊರು ಬಿಡಿಸುವುದಕ್ಕೆ ಎಂದು ನನಗೆ ಆಗ ಹೊಳೆಯಿತು. ಹಾಗೆ ಅವರು ಹೊರಟುಹೋದರೆ ಸಭೆಯ ದಾಖಲೆಯಲ್ಲಿ ಅದು ಸರ್ವಾನುಮತ ಎಂದೇ ಉಳಿಯುತ್ತದೆ. ಅದರ ಕೆಳಗೆ ನನ್ನ ಸಹಿ ಇರುತ್ತದೆ.

ಅವತ್ತು ಸಂಜೆ ನನ್ನ ಸ್ಕೂಟರಿನ ಪಕ್ಕಕ್ಕೆ ಒಂದು ಬೈಕ್ ಬಂತು. ಮೇಲೆ ಇಬ್ಬರು. ನಾನು ನಿಧಾನ ಮಾಡಿದರೆ ಅವರೂ ನಿಧಾನ, ಜೋರು ಮಾಡಿದರೆ ಅವರೂ ಜೋರು. ಒಂದು ಮಾತಿಲ್ಲ, ಒಂದು ಹಾರ್ನ್ ಇಲ್ಲ. ಎರಡೂ ಕಡೆ ಕುರುಚಲು ಕಾಡು, ಮುಂದೆ ಹಿಂದೆ ಒಂದು ಬಸ್ಸೂ ಕಾಣದು. ಕೈ ಬೆವೆತು ಆಕ್ಸಿಲರೇಟರ್ ಜಾರುತ್ತಿತ್ತು. ಹನೂರಿನ ಅಂಗಡಿ ಸಾಲು ಕಂಡ ಕೂಡಲೇ ಅವರು ತಿರುಗಿಸಿಕೊಂಡು ಹೋದರು. ನಾನು ಒಂದು ಬೇಕರಿಯ ಮುಂದೆ ಗಾಡಿ ನಿಲ್ಲಿಸಿ ಬನ್ನು ತಗೊಂಡೆ. ತಿನ್ನಲಿಲ್ಲ, ಜನರ ನಡುವೆ ನಿಲ್ಲಲು ಒಂದು ನೆಪ ಬೇಕಿತ್ತು. ಮಧುವನಹಳ್ಳಿ ದಾಟುವವರೆಗೂ ಕನ್ನಡಿಯಲ್ಲೇ ಕಣ್ಣು.

ಮನೆಗೆ ಬಂದರೆ ಅಪ್ಪ ಬಹಳ ಖುಷಿಯಲ್ಲಿದ್ದರು. ನಮ್ಮದು ಕೊಳ್ಳೇಗಾಲದ ನೇಯ್ಗೆಯವರ ಮನೆ. ಮುಂದಿನ ಅಂಕಣದಲ್ಲಿ ಮಗ್ಗ, ಹಿಂದೆ ನಾವು.

"ನಿಮ್ ಪಂಚಾಯ್ತಿ ಊರಿನೋರು ಇಬ್ರು ಬಂದಿದ್ರು ಕಣಮ್ಮ. ಮದುವೆಗೆ ಸೀರೆ ನೋಡ್ಬೇಕು ಅಂದ್ರು. ತುಂಬ ಮರ್ಯಾದಸ್ಥರು. ಮಗ್ಗದ ಮೇಲಿರೋದನ್ನೆಲ್ಲ ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿದ್ರು."

"ಏನಂದ್ರು?"

"ಏನಿಲ್ಲ. ನಿಮ್ ಮಗಳು ಒಬ್ಬರೇ ಓಡಾಡ್ತಾರೆ, ಕಾಡು ದಾರಿ, ವಸಿ ಉಷಾರಾಗಿರಕ್ಕೆ ಯೋಳಿ ಅಂದ್ರು. ನಿನ್ ಮೇಲೆ ಎಷ್ಟು ಕಾಳಜಿ ನೋಡು."

ಮಗ್ಗದ ಮೇಲಿದ್ದ ಸೀರೆಯನ್ನು ನೋಡಿದೆ. ಅರ್ಧ ನೇಯ್ದ ಹಸಿರು ಸೀರೆ. ಅಲ್ಲೊಂದು ಬ್ಲೇಡು ಹಿಡಿದ ಕೈ ಓಡಿದರೆ ಅಪ್ಪನ ಅಷ್ಟು ದಿನದ ಕೆಲಸ ಹೋಯಿತು. ಅಪ್ಪನಿಗೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಬಚ್ಚಲಲ್ಲಿ ವಾಂತಿ ಮಾಡಿಕೊಂಡೆ.

ಭಾನುವಾರ ಅಕ್ಕನ ಮನೆಗೆ ಯಳಂದೂರಿಗೆ ಹೋದೆ. ಆ ತಾಲ್ಲೂಕಿನಲ್ಲಿ ನನ್ನ ಹುದ್ದೆಯದೇ ಒಂದು ಜಾಗ ಖಾಲಿಯಿತ್ತು. ವರ್ಗಾವಣೆಗೆ ಅರ್ಜಿ ಹಾಕು ಎಂದು ಅಕ್ಕ ಹಿಡಿದು ಕೂರಿಸಿ ಬರೆಸಿದಳು. "ಯಾರದೋ ಮನೆ ನಲ್ಲಿಗೆ ನೀನು ಯಾಕೆ ಪ್ರಾಣ ಕೊಡ್ತೀಯ? ಅಪ್ಪನ ಮುಖ ನೋಡು," ಎಂದಳು. ಅವಳ ಮಾತಿನಲ್ಲಿ ತಪ್ಪೇನಿತ್ತು? ಅರ್ಜಿಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಸೋಮವಾರ ಕೊಟ್ಟುಬಿಡುವುದು ಎಂದೇ ಹೊರಟಿದ್ದೆ.

ಸೋಮವಾರ ಬೆಳಿಗ್ಗೆ ಕಚೇರಿಗೆ ಹಿರಿಯ ಸದಸ್ಯರು ಒಬ್ಬರೇ ಬಂದರು. ಬೈಯಲು ಬಂದರೇನೋ ಎಂದುಕೊಂಡೆ. ಅವರು ಬಾಗಿಲು ಮುಂದಕ್ಕೆಳೆದು, ಕುರ್ಚಿಯ ತುದಿಯಲ್ಲಿ ಕೂತು, ಬೇರೆಯದೇ ದನಿಯಲ್ಲಿ ಕೇಳಿದರು:

"ಮೇಡಂ, ಚೀಟಿ ಎತ್ತದು ಯಾವತ್ತಂತೆ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಧ್ಯಕ್ಷಗಿರಿಯ ಮೊದಲ ಅವಧಿ ಮುಗಿಯುತ್ತ ಬಂದಿತ್ತು. ಎರಡನೇ ಅವಧಿಗೆ ಕುರ್ಚಿ ಯಾವ ವರ್ಗಕ್ಕೆ ಮೀಸಲು ಎಂಬುದನ್ನು ಮೇಲಧಿಕಾರಿಗಳು ತಾಲ್ಲೂಕಿನ ಸದಸ್ಯರನ್ನೆಲ್ಲ ಒಂದು ಸಭಾಂಗಣದಲ್ಲಿ ಕೂರಿಸಿ ಅವರ ಕಣ್ಣೆದುರೇ ನಿಗದಿ ಮಾಡುತ್ತಾರೆ. ಲೆಕ್ಕದಲ್ಲಿ ತೀರದ್ದನ್ನು ಚೀಟಿ ಎತ್ತಿ ತೀರಿಸುತ್ತಾರೆ. ನಮ್ಮ ಪಂಚಾಯಿತಿಯದು ಚೀಟಿಗೆ ಬಿದ್ದಿತ್ತು. ಸಾಮಾನ್ಯ ವರ್ಗವೆಂದು ಬಂದರೆ ಹಿರಿಯ ಸದಸ್ಯರು ಅಧ್ಯಕ್ಷರು. ಇನ್ನೊಂದು, ಮೀಸಲು ವರ್ಗ, ಬಂದರೆ ಸದಸ್ಯರಲ್ಲಿ ಆ ವರ್ಗದವರು ಕೆಳಬೀದಿಯ ಒಬ್ಬರೇ. ಅವತ್ತು ನನ್ನ ಹತ್ತಿರ ತಪ್ಪು ತಿಳಿಯಬೇಡಿ ಎಂದಿದ್ದವರು. ಮೇಲ್ಬೀದಿಗೆ ಎಷ್ಟು ಕೈ ಇದ್ದರೂ ಕುರ್ಚಿ ಅವರದೇ.

"ಮುಂದಿನ ವಾರ ಸರ್," ಎಂದೆ.

"ಅವ್ನಿಗೇ ಬಂದ್ಬುಟ್ರೆ ಎಂಗೆ ಮೇಡಂ? ಕುರ್ಚಿ ಎತ್ತಗೋ ಅತ್ತಗೆ ಕೈ ಎತ್ತೋರು ನಮ್ಮಲ್ಲೇ ಅರ್ಧ ಅವ್ರೆ. ನೀರುಗಂಟಿ ಅವ್ನ ಮಾತ್ ಕೇಳ್ತಾನೆ. ನನ್ ತೋಟಕ್ಕೆ ಓಗೋ ದಾರಿ ಅವ್ರ ಬೀದಿ ಮ್ಯಾಲೇ ಅದೆ..."

ಟೀ ಲೋಟ ಹಿಡಿದ ಅವರ ಕೈ ಅಲುಗುತ್ತಿತ್ತು. ನಾನು ಅವರನ್ನು ನೆನೆದು ವಾಂತಿ ಮಾಡಿಕೊಂಡಿದ್ದೆ. ಈ ಮನುಷ್ಯನಿಗೂ ಹೆದರಿಕೆ ಇದೆ ಎಂಬುದು ತಲೆಗೇ ಬಂದಿರಲಿಲ್ಲ.

ಅವರು ಹೋದ ಮೇಲೆ ಹಳೆಯದೊಂದು ನೆನಪಾಯಿತು. ಈ ಕೆಲಸಕ್ಕೆ ಸೇರುವ ಮೊದಲು ಪರೀಕ್ಷೆಗಳಿಗೆ ಓದುತ್ತಿದ್ದಾಗ ಒಂದು ಪ್ರಶ್ನೆ ಪದೇ ಪದೇ ಬರುತ್ತಿತ್ತು. ಸಂಸತ್ತೇ ಎಲ್ಲಕ್ಕಿಂತ ದೊಡ್ಡದು ಎನ್ನುವ ದೇಶಗಳು ಕೂಡ, ಬಹುಮತ ಕೈಯಲ್ಲಿದ್ದಾಗಲೇ, ಪ್ರಜೆಗಳ ಹಕ್ಕುಗಳ ಪಟ್ಟಿಯನ್ನು ಬರೆದು ತಮ್ಮ ಕೈ ತಾವೇ ಕಟ್ಟಿಕೊಳ್ಳುವುದೇಕೆ? ಮಾನವ ಘನತೆ, ಸ್ವಾತಂತ್ರ್ಯ ಹೋರಾಟದ ಆಶಯ ಎಂದೆಲ್ಲ ಗೈಡಿನಲ್ಲಿದ್ದುದನ್ನು ಬಾಯಿಪಾಠ ಮಾಡಿ ಬರೆದು ಅಂಕ ತಗೊಂಡಿದ್ದೆ. ಆ ಉತ್ತರ ಸುಳ್ಳೆಂದು ಈಗಲೂ ಹೇಳುವುದಿಲ್ಲ. ಆದರೆ ನನ್ನ ಮೇಜಿನ ಮುಂದೆ ಅಲುಗಿದ ಟೀ ಲೋಟ ಆ ಗೈಡಿನಲ್ಲಿ ಇರಲಿಲ್ಲ. ಇವತ್ತು ಕೈ ಎತ್ತಿದವನಿಗೆ ನಾಳೆ ತನ್ನ ವಿರುದ್ಧ ಯಾರು ಕೈ ಎತ್ತುತ್ತಾರೋ ಎಂಬ ಭಯವಿರುತ್ತದೆ. ಆ ಭಯ ಇರುವ ತನಕ ಮಾತ್ರ ಅವನು ತನ್ನ ಕೈಗೂ ಹಗ್ಗ ಹಾಕಲು ಒಪ್ಪುತ್ತಾನೆ.

ಹಾಗಾದರೆ ಏನಾದರೂ ಆಗುವುದಿದ್ದರೆ ಚೀಟಿ ಎತ್ತುವ ಮುನ್ನವೇ ಆಗಬೇಕು. ಎತ್ತಿದ ಮರುಗಳಿಗೆಯಲ್ಲಿ ಗೆದ್ದವನಿಗೆ ಭಯವಿರುವುದಿಲ್ಲ, ಸೋತವನ ಮಾತಿಗೆ ಬೆಲೆಯಿರುವುದಿಲ್ಲ. ವರ್ಗಾವಣೆ ಅರ್ಜಿಯನ್ನು ಬ್ಯಾಗಿನಿಂದ ತೆಗೆದೆ, ಓದಿದೆ, ಮತ್ತೆ ಬ್ಯಾಗಿಗೇ ಹಾಕಿದೆ. ಹರಿದು ಹಾಕುವಷ್ಟು ಧೈರ್ಯ ಬಂದಿರಲಿಲ್ಲ. ಬಿಳಿ ಹಾಳೆ ತಗೊಂಡು ವಿಶೇಷ ಸಭೆಯ ನೋಟಿಸ್ ಬರೆದೆ.

ನೋಟಿಸಿಗೆ ಅಧ್ಯಕ್ಷೆಯ ಸಹಿ ಬೇಕು. ಆಕೆಯ ಗಂಡ ರೇಷ್ಮೆಗೂಡು ಹಾಕಲು ಕೊಳ್ಳೇಗಾಲದ ಮಾರುಕಟ್ಟೆಗೆ ಹೋಗಿರುವ ದಿನ ನೋಡಿಕೊಂಡು ಮನೆಗೆ ಹೋದೆ. ಆಕೆ ಹುಳುವಿನ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದರು. ಓದಿ ಹೇಳಿದೆ. ಯಾವ ಮನೆಯ ಹೆಸರೂ ಇಲ್ಲ. ಪಂಚಾಯಿತಿಯಲ್ಲಿ ಯಾರ ಕೈ ಮೇಲಾದರೂ, ಯಾವ ಮನೆಗೂ ಏನೇನನ್ನು ನಿಲ್ಲಿಸಕೂಡದು ಎಂದು ಮುಂಚೆಯೇ ಗೊತ್ತುಮಾಡುವ ಸಭೆ ಎಂದೆ.

ಆಕೆ ಸೊಪ್ಪು ಹಾಕುವುದನ್ನು ನಿಲ್ಲಿಸಲಿಲ್ಲ. "ಇವ್ರು ಬೈಯ್ತಾರೆ," ಎಂದರು. ಆ ತಟ್ಟೆ ಮುಗಿಸಿ, "ಇನ್ನೊಂದ್ ವಸಿ ದಿನ ಕಳುದ್ರೆ ನಾನು ಅಧ್ಯಕ್ಷೆ ಅಲ್ಲ. ಇವ್ರು ಕಟ್ಕಂಡಿರೋ ಅಗೆತನ ಎಲ್ಲಾ ನಮ್ ಮನೆ ಬಾಗ್ಲಲ್ಲೇ ಕುಂತಿರ್ತದೆ. ಕೊಡಿ," ಎಂದು ಕೈ ಸೆರಗಿಗೆ ಒರೆಸಿಕೊಂಡು ಸಹಿ ಮಾಡಿದರು.

ಸಭೆ ನಡೆದದ್ದು ಚೀಟಿ ಎತ್ತುವ ಹಿಂದಿನ ದಿನ. ಅಧ್ಯಕ್ಷೆಯ ಗಂಡ ಬಾಗಿಲಲ್ಲಿ ನಿಂತು ನನ್ನನ್ನು ನುಂಗುವಂತೆ ನೋಡುತ್ತಿದ್ದ. ಬೈಕಿನಲ್ಲಿ ಬಂದಿದ್ದ ಇಬ್ಬರೂ ಹೊರಗೆ ಅರಳಿಕಟ್ಟೆಯ ಮೇಲೆ ಕೂತಿದ್ದರು. ನಾನು ವಿಷಯ ಓದಿದೆ. ಅದರಲ್ಲಿ ಇದ್ದದ್ದು ಒಂದೇ ಸಾಲು: ಕಾರಣ ಏನೇ ಇರಲಿ, ಯಾವ ಮನೆಗೂ ಕುಡಿಯುವ ನೀರನ್ನು ಪಂಚಾಯಿತಿ ನಿಲ್ಲಿಸಕೂಡದು.

"ಇದು ಆ ಮನೆಗೋಸ್ಕರ ತಾನೇ?" ಎಂದರು ಹಿರಿಯ ಸದಸ್ಯರು. "ಸುತ್ತಿ ಬಳಸಿ ಅಲ್ಲಿಗೇ ಬತ್ತಾ ಇದ್ದೀರಿ."

ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. "ಆ ಮನೆಗೂ ಹೌದು ಸರ್. ನಿಮ್ಮ ಮನೆಗೂ ಹೌದು. ನಾಳೆ ಯಾವ ಚೀಟಿ ಬರುತ್ತೋ ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ಕೆಳಬೀದಿಯ ಸದಸ್ಯರು ಮೀಸೆಯಲ್ಲೇ ನಕ್ಕರು. "ಯಾವ್ದೂ ಬ್ಯಾಡ ಬುಡಿ ಮೇಡಂ. ಚೀಟಿ ನಂಗೇ ಬಂದ್ರೆ ಮೇಲ್ಬೀದಿ ವಾಲ್ವ್ ನನ್ ಕೈಲೇ ಇರ್ತದಲ್ಲ!"

ಮೂರ್ನಾಲ್ಕು ಜನ ನಕ್ಕರು. ಆಮೇಲೆ ನಗು ತಾನಾಗಿಯೇ ನಿಂತಿತು. ಮೇಲ್ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಬಾಯಿ ಮುಚ್ಚಿಕೊಂಡು ಕೂತೆ. ಆ ದಿನ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ ಇರಬೇಕು.

ಹಿರಿಯ ಸದಸ್ಯರು ಗಂಟಲು ಸರಿಮಾಡಿಕೊಂಡರು. "ನೀರೊಂದೇ ಸಾಕಾ? ದಾರಿನೂ ಸೇರಿಸ್ಕಳಿ. ಒಲ ತೋಟಕ್ಕೆ ಓಗೋ ದಾರಿನ ಯಾರೂ ಮುಚ್ಚಂಗಿಲ್ಲ ಅಂತ."

"ಅಂಗಾದ್ರೆ ಸ್ಮಶಾನದ್ ದಾರಿನೂ ಬರ್ಕಳಿ," ಎಂದರು ಕೆಳಬೀದಿಯವರು ತಟ್ಟನೆ. "ನಮ್ ಎಣ ನಿಮ್ ಬೀದಿ ಮುಂದೆ ಓಗ್ಬೇಕಾದ್ರೆ ಇನ್ನು ತಡೆಯಂಗಿಲ್ಲ."

ಈಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಮೇಲ್ಬೀದಿಯವರು ಗುಸುಗುಸು ಮಾಡಿದರು. ಹಿರಿಯ ಸದಸ್ಯರ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲಿತ್ತು. ನಾಳೆಯ ದಿನವನ್ನೇ ನೋಡುತ್ತಿದ್ದರೋ ಏನೋ. "ಬರ್ಕಳಿ," ಎಂದರು.

ಆಮೇಲೆ ನಾನು ಕೇಳುವುದೇ ಬೇಡವಾಯಿತು. ಜಾತಿ ಆದಾಯ ಪತ್ರಕ್ಕೆ ಬೇಕಾದ ಕಾಗದಗಳನ್ನು ಸಿಟ್ಟಿಗೆ ತಡೆಯಕೂಡದು ಎಂದು ಒಬ್ಬರು. ಅವರ ಮಗಳು ಕಾಲೇಜಿಗೆ ಸೇರುವವಳಿದ್ದಳು. ಬೀದಿದೀಪ ಆರಿಸಕೂಡದು ಎಂದು ಒಬ್ಬ ಸದಸ್ಯೆ. ಅವರ ಮನೆ ಕಾಡಿನ ಕಡೆಯ ಕೊನೆಯಲ್ಲಿ, ಆನೆ ಬರುವ ಜಾಗದಲ್ಲಿತ್ತು. ಯಾರು ಯಾವುದಕ್ಕೆ ಹೆದರುತ್ತಿದ್ದರೋ ಅದನ್ನೇ ಬರೆಸಿದರು. ನನಗೆ ಗೊತ್ತಿದ್ದ ಜನರೇ, ಆದರೆ ಯಾರಿಗೆ ಯಾವ ಭಯ ಎಂಬುದು ಅವತ್ತೇ ತಿಳಿದದ್ದು.

"ಮುಂದಿನೋರು ಬಂದು ಇದ್ನೇ ವಜಾ ಮಾಡ್ಬುಟ್ರೆ?" ಎಂದು ಯಾರೋ ಕೇಳಿದರು.

ಕಾನೂನಿನ ಪ್ರಕಾರ ಮಾಡಬಹುದು. ಅದನ್ನು ಮುಚ್ಚಿಡದೆ ಹೇಳಿದೆ. ಗ್ರಾಮಸಭೆಯಲ್ಲಿ ಊರೆಲ್ಲರ ಮುಂದೆ ಓದೋಣ, ತೆಗೆಯಬೇಕಾದರೆ ಅಲ್ಲೇ ಎಲ್ಲರೆದುರು ತೆಗೆಯಬೇಕು, ಒಂದನ್ನು ತೆಗೆದರೆ ಎಲ್ಲವೂ ಹೋಗುತ್ತದೆ ಎಂದು ಸೇರಿಸೋಣ ಎಂದೆ. ಕೈಗಳು ಎದ್ದವು. ಈ ಸಲ ಒಂದೊಂದಾಗಿ, ಪಕ್ಕದವರ ಕೈ ನೋಡಿಕೊಂಡು, ನಿಧಾನಕ್ಕೆ.

ನೀರುಗಂಟಿ ಬಾಗಿಲಲ್ಲಿ ಕಾಣಿಸಿಕೊಂಡ. "ಅಂಗಾರೆ ಕೆರೆ ಏರಿ ಮನೇದು, ಸಾ?"

ಹಿರಿಯ ಸದಸ್ಯರು ಅವನನ್ನು ನೋಡಲಿಲ್ಲ. "ಯಾವ್ ಮನೆನೂ ಅಂತ ಬರ್ದಾಯ್ತಲ್ಲ. ನನ್ ಯಾಕ್ಲಾ ಕೇಳೀಯೆ?" ಎಂದು ಎದ್ದರು. ಬಾಗಿಲ ಬಳಿ ನನ್ನ ಕಡೆ ತಿರುಗಿ, "ಕೇಸು ಬೇರೆ, ಇದು ಬೇರೆ. ಅದ್ನ ನಾವು ಬುಡಲ್ಲ," ಎಂದರು. ಆ ಮಾತಿಗೂ ಹೆದರಿದೆ, ಆದರೆ ಅವತ್ತು ಅಷ್ಟೇ ಸಾಕಾಗಿತ್ತು. ಸಂಜೆಯೊಳಗೆ ನೀರುಗಂಟಿ ಕೆರೆ ಏರಿಯ ಮನೆಯ ಪೈಪು ಮತ್ತೆ ಜೋಡಿಸಿದ.

ಮಾರನೇ ದಿನ ಸಭಾಂಗಣದಲ್ಲಿ ಕೂತಿದ್ದೆವು. ನಮ್ಮ ಪಂಚಾಯಿತಿಯ ಸರದಿ ಬಂದಾಗ ಡಬ್ಬಿಯೊಳಗಿಂದ ಚೀಟಿ ಎತ್ತಿ ಬಿಡಿಸಿ ಓದಿದರು. ಸಾಮಾನ್ಯ ವರ್ಗ.

ಮೇಲ್ಬೀದಿಯವರು ಹಿರಿಯ ಸದಸ್ಯರನ್ನು ಅಪ್ಪಿಕೊಂಡರು. ಅವರು ಜನರ ತಲೆಗಳ ಮೇಲಿಂದ ನನ್ನನ್ನು ಹುಡುಕಿ, "ಆ ಸಭೆ ಒಂದ್ ದಿನ ತಡ ಮಾಡಿದ್ರೆ ಏನಾಗದು ಮೇಡಂ?" ಎಂದು ನಕ್ಕರು. ಅವರ ಮಾತು ನೂರಕ್ಕೆ ನೂರು ಸರಿ. ಒಂದು ದಿನ ತಡವಾಗಿದ್ದರೆ ಎಲ್ಲವೂ ಮುಗಿದುಹೋಗುತ್ತಿತ್ತು.

ಅಧ್ಯಕ್ಷರಾಗಿ ಅವರು ಕೂತ ಮೊದಲ ಸಭೆಯಲ್ಲೇ ಅದು ಬಂತು. "ಆ ಠರಾವಲ್ಲಿ ದಾರಿದು ಇರ್ಲಿ, ಮಿಕ್ಕಿದ್ದೂ ಇರ್ಲಿ. ನೀರಿಂದು ಮಾತ್ರ ತೆಗ್ದುಬುಡಿ," ಎಂದರು. ಇದೇ ಆಗುತ್ತದೆಂದು ದಿನವೂ ಹೆದರಿ ಹೆದರಿ ನಾನು ಸುಸ್ತಾಗಿದ್ದೆ. ತೆಗೆಯುವುದಿದ್ದರೆ ಗ್ರಾಮಸಭೆಯಲ್ಲೇ, ಒಂದನ್ನು ತೆಗೆದರೆ ಎಲ್ಲವೂ ಹೋಗುತ್ತದೆ ಎಂದು ನೆನಪಿಸಲು ಬಾಯಿ ತೆರೆದೆ, ದನಿ ಹೊರಡಲಿಲ್ಲ.

ಮಾತಾಡಿದ್ದು ಕೆಳಬೀದಿಯ ಸದಸ್ಯರು. "ತೆಗೀರಿ. ಸ್ಮಶಾನದ್ ದಾರಿನೂ ಓಯ್ತದೆ, ನಿಮ್ ತೋಟದ್ ದಾರಿನೂ ಓಯ್ತದೆ. ನಾಳಿಕ್ಕೇ ಕಲ್ಲು ನೆಡ್ತೀವಿ." ಹಿಂದಿನಿಂದ ಆನೆ ಕಡೆಯ ಬೀದಿಯ ಸದಸ್ಯೆ, "ನಮ್ ಲೈಟು?" ಎಂದರು. ಮಗಳನ್ನು ಕಾಲೇಜಿಗೆ ಸೇರಿಸುವವರು ಮೇಲ್ಬೀದಿಯವರೇ. ಅವರೂ, "ಇರ್ಲಿ ಬುಡಣ್ಣ, ಆಗಿದ್ದಾಯ್ತು," ಎಂದು ತಲೆ ತಗ್ಗಿಸಿದರು. ಹಳೆಯ ಅಧ್ಯಕ್ಷೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತೇ ಇದ್ದರು, ಆದರೆ ಕೈ ಎತ್ತಲಿಲ್ಲ. ಆ ಮನೆಯ ಪರವಾಗಿ ಯಾರೊಬ್ಬರೂ ಒಂದು ಮಾತಾಡಲಿಲ್ಲ. ಎಲ್ಲರೂ ತಂತಮ್ಮ ಸಾಲನ್ನು ಕಾಯ್ದರು, ಅದರಿಂದಲೇ ಅವಳ ಸಾಲೂ ಉಳಿಯಿತು. ಹೊಸ ಅಧ್ಯಕ್ಷರು ಪೆನ್ನಿನ ಮುಚ್ಚಳ ಹಾಕಿ, "ಮುಂದಿನ ವಿಷ್ಯ," ಎಂದರು.

ಅವತ್ತು ಹಿಂದಿರುಗುವಾಗ ಕೆರೆ ಏರಿಯ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿದೆ. ಗಂಡ ಕೋಲು ಊರಿಕೊಂಡು ನಡೆಯುತ್ತಿದ್ದ. ಕರು ತಾಯಿಯ ಕೆಚ್ಚಲು ಗುದ್ದುತ್ತಿತ್ತು. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು. ಆದರೆ ಅಂಗಳದ ತುಂಬ ಕೊಡ, ಬಿಂದಿಗೆ, ಬಕೆಟ್ಟು, ಪಾತ್ರೆ, ಒಂದು ಹಳೇ ಅಡಿಗೆ ಕೊಪ್ಪರಿಗೆ ಕೂಡ. ಎಲ್ಲವೂ ತುಂಬಿ ತಟ್ಟೆ ಮುಚ್ಚಿ ಇಟ್ಟಿದ್ದವು. ಕಾಲಿಡಲು ಜಾಗವಿರಲಿಲ್ಲ.

"ನೀರು ದಿನಾಲೂ ಬತ್ತಾ ಅದಲ್ಲಮ್ಮ, ಯಾಕೆ ಇಷ್ಟೊಂದು?" ಎಂದೆ. ಅಷ್ಟು ದಿನ ಆ ಊರಲ್ಲಿದ್ದು ನನ್ನ ನಾಲಿಗೆಯೂ ಹೊರಳಿತ್ತು.

"ನೀವು ಇವತ್ತಲ್ಲ ನಾಳೆ ಟ್ರಾನ್ಸ್‌ಫರ್ ಆಗೋಯ್ತೀರಲ್ಲ ಮೇಡಂ," ಎಂದಳು. "ಕಾಗ್ದ ಬರ್ದೋರು ನೀವು. ನೀವು ಓದ್ರೆ ಕಾಗ್ದ ಕೇಳೋರು ಯಾರು?"

ಬ್ಯಾಗಿನಲ್ಲಿ ಆ ಅರ್ಜಿ ಇನ್ನೂ ಇತ್ತು. ನಾನು ಅದರ ಮೇಲೆ ಕೈಯಿಟ್ಟುಕೊಂಡು, ಅವತ್ತು ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ನಿನ್ನ ಹೆಸರು ಯಾರೂ ಎತ್ತಲಿಲ್ಲ ಎಂದೂ ಹೇಳಿದೆ. ಒಬ್ಬರು ದಾರಿಗೆ, ಒಬ್ಬರು ದೀಪಕ್ಕೆ ನಿಂತರು, ನಾನಂತೂ ಬಾಯಿಯೇ ಬಿಡಲಿಲ್ಲ ಎಂದೆ.

"ನೀವು ಮಾತೇ ಆಡ್ನಿಲ್ವಾ?"

"ಇಲ್ಲ. ಹೆದರಿಕೆ ಆಯ್ತು."

ಅವಳು ನನ್ನನ್ನೇ ನೋಡಿದಳು. ಆಮೇಲೆ ಅಂಗಳದ ಸಾಲನ್ನು ನೋಡಿದಳು. ಬಗ್ಗಿ, ತುದಿಯಲ್ಲಿದ್ದ ಕೊಡದ ತಟ್ಟೆ ಸರಿಸಿ, ಅದನ್ನು ಎತ್ತಿ ಹಸುವಿನ ಬಾನಿಗೆ ಪೂರ್ತಿ ಸುರಿದಳು. ಖಾಲಿ ಕೊಡವನ್ನು ಗೋಡೆಗೆ ಬೋರಲು ಹಾಕಿದಳು.

"ಅಂಗಾರೆ ಒಂದ್ ಕೊಡ ಕಮ್ಮಿ ತುಂಬ್ಕತೀನಿ ಬುಡಿ ಮೇಡಂ," ಎಂದಳು.